ತೊಟ್ಟಿಕ್ಕುವ ನಲ್ಲಿ

ರಾತ್ರಿ ಊಟ ಮುಗಿದು ಮನೆಮಂದಿಯೆಲ್ಲ ಮಲಗಿದ ಮೇಲೆ ಬಚ್ಚಲಮನೆಯಿಂದ ‘ಟಪ್, ಟಪ್’ ಎಂಬ ಸದ್ದು ಕೇಳಿಬರುವುದು ನಮ್ಮಲ್ಲಿ ಅನೇಕರಿಗೆ ಪರಿಚಿತವಾದುದೇ. ಎದ್ದು ಹೋಗಿ ನಲ್ಲಿಯನ್ನು ಬಲವಾಗಿ ತಿರುಗಿಸುತ್ತೇವೆ. ಸದ್ದು ನಿಲ್ಲುತ್ತದೆ. ಎರಡು ದಿನ ಕಳೆದರೆ ಮತ್ತೆ ಶುರು. ಈ ಸಲ ಇನ್ನೂ ಬಲವಾಗಿ ತಿರುಗಿಸುತ್ತೇವೆ. ಕೊನೆಗೆ ಕೆಳಗೊಂದು ಬಕೆಟ್ ಇಟ್ಟು, ಆ ಸದ್ದಿಗೆ ಕಿವಿಯನ್ನು ಒಗ್ಗಿಸಿಕೊಂಡುಬಿಡುತ್ತೇವೆ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಂಥ ಊರುಗಳಲ್ಲಿ ಈ ಸದ್ದು ಬಹಳ ಹಳೆಯದೇನೂ ಅಲ್ಲ. ಬಾವಿಯಿಂದ ಸೇದಿ, ಆಮೇಲೆ ಕೈಪಂಪು ಒತ್ತಿ, ಬೀದಿ ನಲ್ಲಿಯ ಮುಂದೆ ಬಿಂದಿಗೆ ಸಾಲಿಟ್ಟು ನೀರು ತಂದ ಕಾಲ ಹಿರಿಯರ ನೆನಪಿನಲ್ಲಿ ಇನ್ನೂ ಹಸಿರಾಗಿದೆ. 2019ರಲ್ಲಿ ಕೇಂದ್ರ ಸರ್ಕಾರ ಜಲ ಜೀವನ ಮಿಷನ್ ಆರಂಭಿಸಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ‘ಮನೆ ಮನೆಗೆ ಗಂಗೆ’ ಎಂದು ಹೆಸರಾಯಿತು. ಹಳ್ಳಿಯ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ಮನೆಯ ನಲ್ಲಿಯಲ್ಲೇ ಸಿಗಬೇಕೆಂಬುದು ಅದರ ಗುರಿ. ಬಾವಿಯ ಹಗ್ಗ ಸವೆದರೆ ಬದಲಿಸಲು, ರಾಟೆ ಕಿರುಗುಟ್ಟಿದರೆ ಎಣ್ಣೆ ಬಿಡಲು ನಮ್ಮ ಹಿರಿಯರಿಗೆ ಗೊತ್ತಿತ್ತು. ನಲ್ಲಿಯೇನೋ ಬಂತು, ಅದರ ಆರೈಕೆ ಇನ್ನೂ ನಮಗೆ ರೂಢಿಯಾಗಿಲ್ಲ.

ಒಂದು ಹನಿ ಎಷ್ಟರ ಮಹಾ ಎನ್ನಬಹುದು. ಲೆಕ್ಕ ಹಾಕೋಣ. ಔಷಧದ ಲೆಕ್ಕದಂತೆ ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದೇ ಇಟ್ಟುಕೊಳ್ಳಿ. ಮೇಲಿನ ಟ್ಯಾಂಕಿನಿಂದ ಸದಾ ನೀರಿರುವ ನಲ್ಲಿಯೊಂದು ಸೆಕೆಂಡಿಗೊಂದು ಹನಿಯಂತೆ ಸೋರಿದರೆ ದಿನಕ್ಕೆ 86,400 ಹನಿ. ಅಂದರೆ ನಾಲ್ಕು ಲೀಟರಿಗೂ ಹೆಚ್ಚು. ತಿಂಗಳಿಗೆ ಸುಮಾರು 130 ಲೀಟರ್. ಇದು ಇಬ್ಬರ ಒಂದು ದಿನದ ಪಾಲಿಗಿಂತ ಹೆಚ್ಚಾಯಿತು. ಬೀದಿಯ ಕೊನೆಯ ಮನೆಗೆ ನೀರು ಏಕೆ ಸಾಲದು ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿಯೇ ಇದೆ.

ಆದರೆ ನೀರು ಪೋಲಾಗುವುದಕ್ಕಿಂತಲೂ ದೊಡ್ಡ ಕೇಡು ಇನ್ನೊಂದಿದೆ. ನಮ್ಮ ಹಳ್ಳಿಗಳಲ್ಲಿ ಬಹುಮಟ್ಟಿಗೆ ನೀರು ಹೊತ್ತು ಹೊತ್ತಿಗೆ ಮಾತ್ರ ಬರುತ್ತದೆ. ನೀರುಗಂಟಿ ವಾಲ್ವ್ ತೆರೆದಾಗ ಕೊಳವೆಯೊಳಗೆ ಒತ್ತಡವಿರುವುದರಿಂದ ಬಿರುಕಿನ ಮೂಲಕ ನೀರು ಹೊರಕ್ಕೆ ಹರಿಯುತ್ತದೆ. ವಾಲ್ವ್ ಮುಚ್ಚಿದ ಮೇಲೆ ಕೊಳವೆಯಲ್ಲಿದ್ದ ನೀರು ತಗ್ಗಿನ ಕಡೆಗೆ ಇಳಿದುಹೋಗುತ್ತದೆ. ಆಗ ಅದೇ ಬಿರುಕು ಹೊರಗಿನ ಕೊಚ್ಚೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ನೀರು ಹೋಗುವ ದಾರಿಯೇ ಕೊಳೆ ಬರುವ ದಾರಿ. ವಾಂತಿಭೇದಿ, ವಿಷಮಶೀತಜ್ವರಗಳು ಹರಡಲು ಇಷ್ಟು ಸಾಕು. 1854ರಲ್ಲಿ ಲಂಡನ್ನಿನ ಬ್ರಾಡ್ ಸ್ಟ್ರೀಟಿನ ಸುತ್ತಮುತ್ತ ಕಾಲರಾ ಹಬ್ಬಿದಾಗ, ಅಲ್ಲಿಯ ಒಂದು ಪಂಪಿನ ನೀರೇ ಅದಕ್ಕೆ ಕಾರಣವೆಂದು ಜಾನ್ ಸ್ನೋ ಎಂಬ ವೈದ್ಯರು ತೋರಿಸಿಕೊಟ್ಟರು. ಪಕ್ಕದ ಮನೆಯ ಮಲಗುಂಡಿಯಿಂದ ಜಿನುಗಿದ ಕೊಳೆ ಆ ಬಾವಿಗೆ ಸೇರಿತ್ತೆಂಬುದು ಆಮೇಲೆ ಗೊತ್ತಾಯಿತು.

ಆದುದರಿಂದ ದುರಸ್ತಿಗೆ ಒಂದು ಕ್ರಮವಿರಲಿ. ಬಚ್ಚಲಮನೆಯ ನಲ್ಲಿ ಭಾನುವಾರದವರೆಗೆ ಕಾದೀತು. ಮೋರಿಯ ಪಕ್ಕದಲ್ಲಿ, ಅಂಗಳದ ಗುಂಡಿಯಲ್ಲಿ ಸೋರುವ ಜೋಡಣೆ ಕಾಯಬಾರದು. ನೀರು ಸಣ್ಣಗೆ ಬರುತ್ತದೆಂದು ಗುಂಡಿ ತೋಡಿ ನಲ್ಲಿಯನ್ನು ತಗ್ಗಿಸುವುದು, ಪೈಪಿನ ತುದಿಯನ್ನು ತೊಟ್ಟಿಯ ನೀರಿನಲ್ಲಿ ಮುಳುಗಿಸಿ ಬಿಡುವುದು, ಬೀದಿಯ ಕೊಳವೆಗೆ ನೇರವಾಗಿ ಮೋಟಾರು ಹಚ್ಚಿ ಎಳೆಯುವುದು — ಈ ಮೂರೂ ಕೊಳೆಯನ್ನು ಕೈಯಾರೆ ಕರೆದಂತೆ.

ಇನ್ನು ಕೆಲಸಕ್ಕೆ ಬರೋಣ. ತಿರುಗಿಸಿ ಮುಚ್ಚುವ ಹಿತ್ತಾಳೆ ನಲ್ಲಿಯೊಳಗೆ ಒಂದು ರಬ್ಬರಿನ ವಾಷರ್ ಇರುತ್ತದೆ. ಹಿಡಿ ತಿರುಗಿಸಿದಾಗ ಅದು ಕೆಳಗಿಳಿದು ನೀರಿನ ಬಾಯಿಯನ್ನು ಮುಚ್ಚುತ್ತದೆ. ಅದು ಸವೆದಾಗಲೇ ತೊಟ್ಟಿಕ್ಕುವುದು. ನಾವು ಬಲವಾಗಿ ತಿರುಗಿಸಿದಷ್ಟೂ ವಾಷರ್ ಇನ್ನಷ್ಟು ಜಜ್ಜಿಹೋಗುತ್ತದೆ. ಮೊದಲು ಟ್ಯಾಂಕಿನಿಂದ ಬರುವ ವಾಲ್ವ್ ಮುಚ್ಚಿ, ನಲ್ಲಿಯನ್ನು ತೆರೆದು ಉಳಿದ ನೀರನ್ನು ಹೋಗಗೊಡಿ. ನಲ್ಲಿಯ ಒಡಲನ್ನು ಒಂದು ಕೈಯಿಂದ ಭದ್ರವಾಗಿ ಹಿಡಿದು, ಸ್ಪ್ಯಾನರಿನಿಂದ ಮೇಲ್ಭಾಗವನ್ನು ಬಿಚ್ಚಿ. ಇಲ್ಲವಾದರೆ ಗೋಡೆಯೊಳಗಿನ ಪೈಪೇ ತಿರುಗಿ ಮುರಿದೀತು. ಹಳೆಯ ವಾಷರನ್ನು ಅಂಗಡಿಗೆ ಒಯ್ದು ಅದೇ ಅಳತೆಯದನ್ನು ತನ್ನಿ. ಹಾಕುವ ಮುನ್ನ ವಾಷರ್ ಕೂರುವ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡಿ. ಅಲ್ಲಿ ಕಚ್ಚಾಗಿದ್ದರೆ ಹೊಸ ವಾಷರೂ ನಿಲ್ಲದು, ನಲ್ಲಿಯನ್ನೇ ಬದಲಿಸಬೇಕು.

ನಲ್ಲಿ ತೆರೆದಾಗ ಹಿಡಿಯ ಬುಡದಲ್ಲಿ ನೀರು ಜಿನುಗಿದರೆ ದೋಷ ವಾಷರಿನದಲ್ಲ. ಅಲ್ಲಿರುವ ನಟ್ಟನ್ನು ಕಾಲು ಸುತ್ತು ಬಿಗಿಮಾಡಿದರೆ ಸಾಮಾನ್ಯವಾಗಿ ನಿಲ್ಲುತ್ತದೆ. ಮರೆಯ ಜೋಡಣೆಯಲ್ಲಿ ಸೋರಿದರೆ ಬಿಚ್ಚಿ, ಹಳೆಯ ನೂಲು, ಕೊಳೆಗಳನ್ನು ಒರೆಸಿ, ಹೊಸದಾಗಿ ಟೆಫ್ಲಾನ್ ಟೇಪ್ ಸುತ್ತಬೇಕು. ತುದಿಯ ಕಡೆಯಿಂದ ನೋಡಿದಾಗ ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಿ. ತಿರುವುಮುರುವಾಗಿ ಸುತ್ತಿದರೆ ಕೂರಿಸುವಾಗ ಟೇಪು ಬಿಚ್ಚಿಕೊಂಡುಬಿಡುತ್ತದೆ.

ಸಿಂಕು ಕಟ್ಟಿಕೊಂಡರೆ ಆಸಿಡ್ ಸುರಿಯಬೇಡಿ. ಕೆಳಗೊಂದು ಬಕೆಟ್ ಇಟ್ಟು, ಬಾಗಿದ ಪೈಪಿನ ಮುಚ್ಚಳ ಬಿಚ್ಚಿದರೆ ಅನ್ನದಗುಳು, ಜಿಡ್ಡು ಅಲ್ಲಿಯೇ ಸಿಗುತ್ತವೆ.

ಬೀದಿಯ ಕೊಳವೆ ಒಡೆದರೆ ಅದು ನಮ್ಮ ಕೈಯ ಕೆಲಸವಲ್ಲ. ನೀರುಗಂಟಿಗೆ ಹೇಳಬೇಕು, ಪಂಚಾಯಿತಿಗೆ ತಿಳಿಸಬೇಕು. ಹಾಗೆ ಹೇಳುವಾಗ ನಮ್ಮ ಅಂಗಳದ ನಲ್ಲಿ ಸೋರುತ್ತಿರಬಾರದು. ಎರಡು ವಾಷರು, ಒಂದು ಸುರುಳಿ ಟೇಪು, ಒಂದು ಸ್ಪ್ಯಾನರು ಮನೆಯಲ್ಲಿರಲಿ. ಈ ಭಾನುವಾರ ಮನೆಯ ನಲ್ಲಿಗಳನ್ನೆಲ್ಲ ಒಮ್ಮೆ ನೋಡಿ ಬನ್ನಿ. ಮೋರಿಯ ಪಕ್ಕದ್ದನ್ನು ಮಾತ್ರ ಇವತ್ತೇ ನೋಡಿ.