ನೆನಪನ್ನು ದಾಖಲಿಸುವ ಬಗೆ

ಪಂಜಾಬು, ಬಂಗಾಳಗಳನ್ನು ಸೀಳಿದ ಗಡಿರೇಖೆಯು 1947ರ ಆಗಸ್ಟ್ 17ರಂದು ಪ್ರಕಟವಾಯಿತು. ಆಳಿದವರ ಕಡತಗಳು ಪತ್ರಾಗಾರಗಳಲ್ಲಿವೆ. ಆದರೆ ರೇಖೆಯನ್ನು ದಾಟಿದ ಒಂದು ಕೋಟಿಗೂ ಮಿಕ್ಕ ಜನರು ಒಲೆಯ ಮೇಲೆ ಏನನ್ನು ಬಿಟ್ಟು ಹೊರಟರು, ಮನೆಯ ಬೀಗದ ಕೈಯನ್ನು ಯಾರಿಗೆ ಒಪ್ಪಿಸಿದರು ಎಂಬುದನ್ನು ತಿಳಿಯಬೇಕಾದರೆ ಅವರನ್ನೇ ಕೇಳಬೇಕು. ಅಂದು ಹತ್ತು ವರ್ಷದ ಬಾಲಕರಾಗಿದ್ದವರಿಗೆ 2027ರಲ್ಲಿ ತೊಂಬತ್ತು ತುಂಬುತ್ತದೆ.

ಇವರ ಮಾತುಗಳನ್ನು ಕೂಡಿಡಲು ಹೊರಟವರು ಒಬ್ಬ ಭೌತವಿಜ್ಞಾನಿ ಎಂಬುದು ಸೋಜಿಗ. 2008ರಲ್ಲಿ ಹಿರೋಶಿಮಾದ ಸ್ಮಾರಕದಲ್ಲಿ, ಅಣುಬಾಂಬಿನಿಂದ ಬದುಕುಳಿದವರ ಹೇಳಿಕೆಗಳನ್ನು ಕಂಡು ಗುನೀತಾ ಸಿಂಗ್ ಭಲ್ಲಾ ಅವರಿಗೆ ಈ ಯೋಚನೆ ಮೂಡಿತು. ಅಮೆರಿಕದ ಬರ್ಕ್ಲಿಯಲ್ಲಿ ಅವರು ಸ್ಥಾಪಿಸಿದ '1947 ಪಾರ್ಟಿಷನ್ ಆರ್ಕೈವ್' ಸಂಸ್ಥೆಯು 10,000ಕ್ಕೂ ಹೆಚ್ಚು ಸಂದರ್ಶನಗಳನ್ನು ದಾಖಲಿಸಿದೆ. ಅವುಗಳಲ್ಲಿ ಬಹಳಷ್ಟು ತರಬೇತಿ ಪಡೆದ ಸ್ವಯಂಸೇವಕರು ನಡೆಸಿದಂಥವು.

ಅಜ್ಜಿಯ ಮಾತನ್ನು ಕೇಳುವುದಕ್ಕೆ ತರಬೇತಿ ಏತಕ್ಕೆ ಎಂದು ವಾಚಕರು ಕೇಳಬಹುದು. 1974ರಲ್ಲಿ ಲಾಫ್ಟಸ್ ಮತ್ತು ಪಾಮರ್ ಎಂಬ ಮನೋವಿಜ್ಞಾನಿಗಳು 45 ವಿದ್ಯಾರ್ಥಿಗಳಿಗೆ ಮೋಟಾರು ಅಪಘಾತಗಳ ಚಲನಚಿತ್ರಗಳನ್ನು ತೋರಿಸಿ, ವೇಗವೆಷ್ಟಿತ್ತೆಂದು ಪ್ರಶ್ನಿಸಿದರು. ಕಾರುಗಳು ಒಂದನ್ನೊಂದು 'ತಾಗಿದಾಗ' ಎಂದು ಕೇಳಿದರೆ ಬಂದ ಉತ್ತರ ಗಂಟೆಗೆ ಸರಾಸರಿ 32 ಮೈಲಿ. 'ಅಪ್ಪಳಿಸಿದಾಗ' ಎಂದರೆ 41 ಮೈಲಿ. ಚಿತ್ರಗಳು ಅವೇ, ಬದಲಾದದ್ದು ಒಂದು ಕ್ರಿಯಾಪದ! ಕ್ಷಣಗಳ ಹಿಂದೆ ಕಂಡದ್ದೇ ಹೀಗಾದರೆ ಎಪ್ಪತ್ತು ವರ್ಷ ಹಳೆಯದರ ಗತಿಯೇನು? ಆದುದರಿಂದ "ಆಗ ಬಹಳ ಹೆದರಿದಿರಾ?" ಎಂದು ಕೇಳಲಾಗದು. "ಆ ದಿನ ಬೆಳಗ್ಗೆ ಎದ್ದಾಗಿನಿಂದ ಹೇಳಿರಿ" ಎಂದು ಕೇಳಿ ಸುಮ್ಮನಿರಬೇಕು. ಹೊಸಬರಿಗೆ ಈ ಸುಮ್ಮನಿರುವಿಕೆಯೇ ಕಠಿಣ.

ಇಷ್ಟಾದರೂ ತಪ್ಪುಗಳು ನುಸುಳುತ್ತವೆ. ಇಟಲಿಯ ತೆರ್ನಿ ಪಟ್ಟಣದಲ್ಲಿ ಲುಯಿಜಿ ಟ್ರಾಸ್ಟುಲ್ಲಿ ಎಂಬ ಉಕ್ಕಿನ ಕಾರ್ಖಾನೆಯ ಕೆಲಸಗಾರನು 1949ರಲ್ಲಿ, ನೇಟೋ ಒಪ್ಪಂದದ ವಿರುದ್ಧ ನಡೆದ ಪ್ರದರ್ಶನದ ವೇಳೆ, ಪೊಲೀಸರಿಂದ ಹತನಾದನು. ದಶಕಗಳ ತರುವಾಯ ಅಲೆಸ್ಸಾಂಡ್ರೊ ಪೊರ್ತೆಲ್ಲಿ ವಿಚಾರಿಸಿದಾಗ, ಹಲವರು ಆ ಸಾವನ್ನು 1953ಕ್ಕೆ, ಕಾರ್ಖಾನೆಯಿಂದ ಜನರನ್ನು ಸಾಮೂಹಿಕವಾಗಿ ಕೆಲಸದಿಂದ ತೆಗೆದಾಗಿನ ಹೋರಾಟಕ್ಕೆ ಸೇರಿಸಿ ಹೇಳಿದರು. ಪತ್ರಾಗಾರದ ದೃಷ್ಟಿಯಲ್ಲಿ ಇದು ಶುದ್ಧ ತಪ್ಪು. ಆ ಪಟ್ಟಣಕ್ಕೆ ಆಳವಾಗಿ ನಾಟಿದ್ದ ಗಾಯ ಯಾವುದೆಂಬುದು ಪೊರ್ತೆಲ್ಲಿಗೆ ಈ ತಪ್ಪಿನಿಂದಲೇ ತಿಳಿಯಿತು.

ಆದಕಾರಣ ಸಂದರ್ಶಕನು ಹಿರಿಯರನ್ನು ನಡುವೆ ತಡೆದು ತಿದ್ದಹೋಗಬಾರದು. ಅವರ ಒಪ್ಪಿಗೆ ಪಡೆದು, ಹೇಳಿದ್ದನ್ನು ಹೇಳಿದಂತೆಯೇ ದಾಖಲಿಸಿ, ಊರು, ವಯಸ್ಸು, ಸಂದರ್ಶನದ ದಿನಾಂಕಗಳನ್ನು ಗುರುತು ಹಾಕಿಟ್ಟರೆ ಸಾಕು. ಕಡತಗಳೊಡನೆ ಹೋಲಿಸಿ ನೋಡುವ ಕೆಲಸವನ್ನು ಮುಂದೆ ಬರುವವರು ಯಾವಾಗಲಾದರೂ ಮಾಡಬಹುದು.