ಬಿಸಿ ಎಂಜಿನ್ನಿನ ಗಂಟಲಲ್ಲಿ ಮಂಜುಗಡ್ಡೆ

ದಾವಣಗೆರೆಯ ಓದುಗರೊಬ್ಬರು ಕೇಳಿದ್ದಾರೆ: "ನನ್ನ ತಂಗಿ ಪೈಲಟ್ ತರಬೇತಿಯಲ್ಲಿದ್ದಾಳೆ. ವಿಮಾನ ಇಳಿಸುವ ಮುಂಚೆ ಪ್ರತಿ ಸಲವೂ ಒಂದು ಗುಂಡಿ ಎಳೆಯುತ್ತಾಳಂತೆ. ಯಾಕಮ್ಮಾ ಅಂದರೆ, ಎಂಜಿನ್ನಿನೊಳಗೆ ಐಸ್ ಕಟ್ಟಬಾರದಲ್ಲ, ಅದಕ್ಕೆ ಅನ್ನುತ್ತಾಳೆ. ಹೊರಗೆ 25 ಡಿಗ್ರಿ, ಒಳಗೆ ಪೆಟ್ರೋಲ್ ಉರಿಯುತ್ತಿದೆ. ಇವಳು ನನ್ನನ್ನು ಮಂಗ ಮಾಡುತ್ತಿದ್ದಾಳೆಯೇ?"

ಇಲ್ಲ ಸ್ವಾಮಿ, ತಂಗಿ ಹೇಳಿದ್ದು ಅಕ್ಷರಶಃ ನಿಜ.

ವಿಮಾನಕ್ಕೆ ಐಸ್ ಕಟ್ಟಿತು ಎಂದರೆ ಎಲ್ಲರ ಕಣ್ಣಿಗೆ ಬರುವುದು ರೆಕ್ಕೆ. ಮೋಡದ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೂ ನೀರಾಗಿಯೇ ತೇಲುತ್ತಿರಬಲ್ಲವು. ವಿಮಾನ ತಾಗಿದ್ದೇ ತಡ, ಗಟ್ಟಿಯಾಗಿ ಅಂಟುತ್ತವೆ. ಅದರ ಭಾರಕ್ಕಿಂತ ಅದು ರೆಕ್ಕೆಯ ಆಕಾರ ಕೆಡಿಸುವುದೇ ದೊಡ್ಡ ತೊಂದರೆ. ಒರಟು ಉಪ್ಪುಕಾಗದದಷ್ಟು ತೆಳುವಾದ ಪದರವೂ ರೆಕ್ಕೆಯ ಎತ್ತುವ ಬಲವನ್ನು ಶೇ 30ರಷ್ಟು ತಗ್ಗಿಸಿ, ಗಾಳಿಯ ಎಳೆತವನ್ನು ಶೇ 40ರಷ್ಟು ಹೆಚ್ಚಿಸಬಲ್ಲದು. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾದಲ್ಲಿ ಎಟಿಆರ್ ವಿಮಾನವೊಂದು ಹೀಗೆಯೇ ಬಿದ್ದು 68 ಮಂದಿ ಸತ್ತರು. ಆದರೆ ದಕ್ಷಿಣ ಭಾರತದ ಮೇಲೆ ಸೊನ್ನೆ ಡಿಗ್ರಿ ಸಿಗಬೇಕಾದರೆ ಸುಮಾರು 5 ಕಿಲೋಮೀಟರ್ ಏರಬೇಕು. ತರಬೇತಿಯ ಪುಟ್ಟ ಸೆಸ್ನಾ 152ಕ್ಕೆ ಅಷ್ಟು ಎತ್ತರ ಏರುವ ತಾಕತ್ತೇ ಇಲ್ಲ.

ಅದನ್ನು ಕಾಡುವ ಐಸ್ ಬೇರೆ. ಅದನ್ನು ಎಂಜಿನ್ ತಾನೇ ತಯಾರಿಸಿಕೊಳ್ಳುತ್ತದೆ!

ಕಾರ್ಬ್ಯುರೇಟರ್ ಎಂದರೇನು ಎಂದು ಹಳೆ ಸ್ಪ್ಲೆಂಡರ್ ಓಡಿಸಿದವರಿಗೆ ಹೇಳಬೇಕಿಲ್ಲ. ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಉಣಿಸುವುದು ಅದರ ಕೆಲಸ. ಸೋಜಿಗವಿರುವುದು ಆ ಬೆರಕೆಯಲ್ಲಿ. ಗಾಳಿ ಅಲ್ಲೊಂದು ಕಿರಿದಾದ ಗಂಟಲಿನ ಮೂಲಕ ನುಗ್ಗಬೇಕು. ನುಗ್ಗುವಾಗ ವೇಗ ಹೆಚ್ಚಿ ಒತ್ತಡ ಇಳಿಯುತ್ತದೆ, ಜೊತೆಗೆ ಉಷ್ಣತೆಯೂ ತುಸು ಇಳಿಯುತ್ತದೆ. ಅದೇ ಜಾಗದಲ್ಲಿ ಪೆಟ್ರೋಲ್ ತುಂತುರಾಗಿ ಚಿಮ್ಮಿ ಆವಿಯಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಸುತ್ತಲಿನ ಗಾಳಿಯಿಂದ, ಲೋಹದಿಂದ ಕಿತ್ತುಕೊಳ್ಳುತ್ತದೆ. ಗ್ಯಾರೇಜಿನಲ್ಲಿ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಹುಡುಗರನ್ನು ಕೇಳಿ, ಬಿರುಬಿಸಿಲಿನಲ್ಲೂ ಬೆರಳು ತಣ್ಣಗೆ ಕೊರೆಯುತ್ತದೆ ಎನ್ನುತ್ತಾರೆ. ಎರಡೂ ಸೇರಿ ಗಂಟಲೊಳಗಿನ ಉಷ್ಣತೆ 20ರಿಂದ 30 ಡಿಗ್ರಿಯಷ್ಟು ಕುಸಿಯಬಲ್ಲದು. ಹೊರಗಿನ 25ರಲ್ಲಿ ಅದನ್ನು ಕಳೆದು ನೋಡಿ. ಗಾಳಿಯ ತೇವ ಗಡ್ಡೆಯಾಗಿ ಗಂಟಲಿನ ಗೋಡೆಗೆ, ಥ್ರಾಟಲ್ ಬಿಲ್ಲೆಯ ಅಂಚಿಗೆ ಕಚ್ಚಿಕೊಳ್ಳುತ್ತದೆ. ತುಸು ದೂರದಲ್ಲೇ ಸಿಲಿಂಡರ್ ಕೆಂಡದಂತೆ ಕಾದಿರುತ್ತದೆ.

ಹಾಗಾಗಿ ಕೊರೆಯುವ ಒಣ ಚಳಿಗಿಂತ ನಮ್ಮ ಜುಲೈ ತಿಂಗಳ ಜಿಟಿಜಿಟಿ ಸಂಜೆಯೇ ಈ ಐಸ್‌ಗೆ ಹೆಚ್ಚು ಪ್ರಿಯ. ತೀರಾ ತಣ್ಣಗಿನ ಗಾಳಿಯಲ್ಲಿ ಗಡ್ಡೆಯಾಗಲು ತೇವವೇ ಅಷ್ಟಿರುವುದಿಲ್ಲ. ಇಳಿಯುವ ಹೊತ್ತು ಇನ್ನೂ ಕೆಟ್ಟದ್ದು. ಆಗ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ. ಉಳಿದ ಸಣ್ಣ ಸಂದು ಕಟ್ಟಿಕೊಳ್ಳಲು ಚೂರು ಐಸ್ ಸಾಕು.

ತಂಗಿ ಎಳೆಯುವ ಗುಂಡಿ ಸೈಲೆನ್ಸರ್ ಕೊಳವೆಯ ಸುತ್ತ ಕಾದ ಗಾಳಿಯನ್ನು ಕಾರ್ಬ್ಯುರೇಟರಿಗೆ ತಿರುಗಿಸುತ್ತದೆ. ಸರಳ ಉಪಾಯ, ಆದರೆ ಅದರಲ್ಲೂ ಎರಡು ಕೊಕ್ಕೆಗಳಿವೆ. ಐಸ್ ಕಟ್ಟಿದ ಮೇಲೆ ಗುಂಡಿ ಎಳೆದರೆ ಎಂಜಿನ್ ಸುಧಾರಿಸುವ ಬದಲು ಮೊದಲು ಇನ್ನಷ್ಟು ಹದಗೆಡುತ್ತದೆ. ಕರಗಿದ ನೀರನ್ನು ನುಂಗಿ ಕೆಮ್ಮುತ್ತದೆ, ನಡುಗುತ್ತದೆ. ಹೊಸಬರು ಗಾಬರಿಯಾಗಿ ಗುಂಡಿಯನ್ನು ವಾಪಸ್ ತಳ್ಳಿಬಿಡುತ್ತಾರೆ. ತಾಳ್ಮೆಯಿಂದ ಕಾದವರಿಗೆ ಆರ್‌ಪಿಎಂ ಮತ್ತೆ ಏರುವುದು ಕಾಣುತ್ತದೆ. ಎರಡನೆಯದು ಇನ್ನೂ ಕ್ರೂರ. ಎಳೆಯಲು ತಡಮಾಡಿ ಎಂಜಿನ್ ನಿಂತೇಹೋದರೆ ಸೈಲೆನ್ಸರ್ ಕೊಳವೆ ಆರತೊಡಗುತ್ತದೆ. ಕರಗಿಸಲು ಬೇಕಾದ ಬಿಸಿಯೇ ಇಲ್ಲವಾಗುತ್ತದೆ. ಅದಕ್ಕೇ ಥ್ರಾಟಲ್ ತಗ್ಗಿಸುವ ಮೊದಲೇ ಗುಂಡಿ ಎಳೆಯುವುದನ್ನು ಕೈಗೆ ರೂಢಿ ಮಾಡಿಸುತ್ತಾರೆ.

ಅಟ್ಲಾಂಟಿಕ್ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗ್‌ಗೂ ಈ ಪಾಠ ಸಿಕ್ಕಿತ್ತು. 1927ರ ಮೇ 10ರ ರಾತ್ರಿ, ಸ್ಯಾನ್ ಡಿಯಾಗೊದಿಂದ ಸೇಂಟ್ ಲೂಯಿಸ್‌ಗೆ ಹೊರಟಿದ್ದಾಗ, ಅರಿಜೋನಾದ ಬೆಟ್ಟಗಳ ಮೇಲೆ ಎಂಜಿನ್ ಉಸಿರುಗಟ್ಟಿದಂತೆ ಕೆಮ್ಮತೊಡಗಿತು. ಕಾರ್ಬ್ಯುರೇಟರಿನ ಐಸ್ ಎಂಬ ಗುಮಾನಿ ಹುಟ್ಟಿತು. ನ್ಯೂಯಾರ್ಕ್ ಮುಟ್ಟಿದ ಮೇಲೆ ಅಲ್ಲಿನ ಮೆಕ್ಯಾನಿಕ್‌ಗಳು ಗಾಳಿ ಬಿಸಿ ಮಾಡುವ ಸಾಧನವನ್ನು ಕೂರಿಸಿದರು. ಅದೇ ತಿಂಗಳ 20ರಂದು ಅವನು ಸಮುದ್ರ ದಾಟಲು ಹೊರಟಿದ್ದು ಆ ಸಾಧನದ ಸಮೇತ.

ಪೆಟ್ರೋಲನ್ನು ಸಿಲಿಂಡರಿನ ಬಾಗಿಲಲ್ಲೇ ಚಿಮ್ಮಿಸುವ ಇಂಜೆಕ್ಷನ್ ಎಂಜಿನ್ನುಗಳಿಗೆ ಈ ಕಾಯಿಲೆಯಿಲ್ಲ. 1996ರಲ್ಲಿ ಸೆಸ್ನಾ 172ರ ತಯಾರಿಕೆ ಮತ್ತೆ ಶುರುವಾದಾಗ ಅದಕ್ಕೆ ಇಂಜೆಕ್ಷನ್ ಬಂತು. ನಮ್ಮ ಬೈಕುಗಳಿಗೆ 2020ರ ಬಿಎಸ್-6 ನಿಯಮ ತಂದುಕೊಟ್ಟಿತು. ಆದರೆ ವಿಮಾನಕ್ಕೆ ಆಯಸ್ಸು ಗಟ್ಟಿ. ಕಾರ್ಬ್ಯುರೇಟರಿನ ಮುದಿ ಸೆಸ್ನಾಗಳು ಜಗತ್ತಿನ ತುಂಬ ಇನ್ನೂ ಹಾರುತ್ತಿವೆ.

ಈ ಐಸ್‌ನ ಅತಿ ದೊಡ್ಡ ಕುತಂತ್ರ ಮಾತ್ರ ಅಪಘಾತವಾದ ಮೇಲೆ ಗೊತ್ತಾಗುತ್ತದೆ. ತನಿಖೆಯವರು ಬರುವಷ್ಟರಲ್ಲಿ ಅದು ಕರಗಿ ಹೋಗಿರುತ್ತದೆ. ಎಂಜಿನ್ನನ್ನು ಒಯ್ದು ಪರೀಕ್ಷಿಸಿದರೆ ಸಲೀಸಾಗಿ ಓಡುತ್ತದೆ. "ಯಂತ್ರ ಸರಿಯಿತ್ತು, ಪೈಲಟ್ ಸರಿಯಿದ್ದ, ಪೆಟ್ರೋಲ್ ಇತ್ತು, ಇನ್ನೇನು, ಗ್ರಹಚಾರ!" ಎನ್ನಲು ನಮ್ಮ ಜನಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕೇ? ಹ್ಯಾಂಗರಿನಲ್ಲಿ ಆಯುಧಪೂಜೆ ಮಾಡಿ, ಸಂತೋಷ. ಆದರೆ ಚಕ್ರದಡಿಯ ನಿಂಬೆಹಣ್ಣು ಆವಿಯಾಗುವ ಪೆಟ್ರೋಲನ್ನು ತಡೆಯುವುದಿಲ್ಲ. ತನಿಖೆಯವರು ಗ್ರಹಗತಿ ನೋಡುವುದಿಲ್ಲ. ಆ ಗುಂಡಿ ಯಾವ ಸ್ಥಾನದಲ್ಲಿತ್ತು, ಆ ಹೊತ್ತಿನ ಉಷ್ಣತೆಯೆಷ್ಟು, ಇಬ್ಬನಿ ಬಿಂದುವೆಷ್ಟು ಎಂದು ನೋಡುತ್ತಾರೆ. ಗಾಳಿ ಎಷ್ಟು ಡಿಗ್ರಿಗೆ ತಣಿದರೆ ಅದರ ತೇವ ನೀರಾಗಿ ಇಳಿಯುತ್ತದೋ ಅದೇ ಇಬ್ಬನಿ ಬಿಂದು. ವಿಮಾನ ನಿಲ್ದಾಣಗಳ ಹವಾಮಾನ ವರದಿಯಲ್ಲಿ ಈ ಎರಡೂ ಸಂಖ್ಯೆ ಪಕ್ಕಪಕ್ಕದಲ್ಲೇ ಇರುತ್ತವೆ. ಅವು ಹತ್ತಿರ ಬಂದಷ್ಟೂ ಗಾಳಿ ಒದ್ದೆಯಾಗಿದೆ, ಗುಂಡಿಯ ಮೇಲೆ ಕೈಯಿರಲಿ ಎಂದರ್ಥ. ಇದನ್ನು ಓದಲು ಪಂಚಾಂಗ ಬೇಕಿಲ್ಲ, ಕಳೆಯುವ ಲೆಕ್ಕ ಬಂದರೆ ಸಾಕು.