ಸಿದ್ದಾಪುರದ ಹೆಗಡೆಯವರು ಮತ್ತು ನಮ್ಮೂರ ಪಂಚಾಯತ

ರಾಮಕೃಷ್ಣ ಹೆಗಡೆ ಎಂದೊಡನೆ ಬೆಂಗಳೂರಿನವರಿಗೆ 1983ರ ಮುಖ್ಯಮಂತ್ರಿ ನೆನಪಾಗುತ್ತಾರೆ. ದೆಹಲಿಯವರಿಗೆ ವಾಜಪೇಯಿ ಸಂಪುಟದ ವಾಣಿಜ್ಯ ಸಚಿವರು ನೆನಪಾಗುತ್ತಾರೆ. ಭಟ್ಕಳ ತಾಲ್ಲೂಕಿನ ಹೆಬಳೆಯಲ್ಲಿ ಹುಟ್ಟಿ, ಪಂಚಾಯತ ಕಚೇರಿಗಳಲ್ಲಿ ನಡಾವಳಿ ಬರೆಯುತ್ತಲೇ ನಿವೃತ್ತನಾದ ನನಗೆ ನೆನಪಾಗುವುದು 1987ರ ಜನವರಿ. ಆ ತಿಂಗಳು ರಾಜ್ಯದ ಹಳ್ಳಿಗಳು ಮಂಡಲ ಪಂಚಾಯತ ಮತ್ತು ಜಿಲ್ಲಾ ಪರಿಷತ್ತಿಗೆ ಮತ ಹಾಕಿದವು. ಅಲ್ಲಿಯತನಕ ಕಾರವಾರದಲ್ಲೋ ಬೆಂಗಳೂರಿನಲ್ಲೋ ತೀರ್ಮಾನವಾಗುತ್ತಿದ್ದ ಎಷ್ಟೋ ಸಂಗತಿಗಳು ಊರ ಸಭೆಯ ಮುಂದೆ ಬಂದವು.

ರಾಜಕಾರಣಿಯ ಬದುಕನ್ನು ಅವರು ಕೂತ ಕುರ್ಚಿಗಳ ಪಟ್ಟಿಯಾಗಿ ಹೇಳುವುದು ರೂಢಿ. ಹೆಗಡೆಯವರ ಪಟ್ಟಿ ಉದ್ದವೇ ಇದೆ. ಆದರೆ ಕೈಗೆ ಬಂದ ಅಧಿಕಾರದಲ್ಲಿ ಎಷ್ಟನ್ನು ಅವರು ಕೆಳಗಿನವರಿಗೆ ಬಿಟ್ಟುಕೊಟ್ಟರು ಎಂಬುದೇ ಅವರನ್ನು ಅಳೆಯುವ ಸರಿಯಾದ ಅಳತೆ ಎಂದು ನಾನು ನಂಬಿದ್ದೇನೆ.

ಅವರು ಹುಟ್ಟಿದ್ದು 1926ರ ಆಗಸ್ಟ್ 29ರಂದು, ಘಟ್ಟದ ಮೇಲಿನ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಸಿದ್ದಾಪುರ ಮತ್ತು ಅಂಕೋಲೆಗಳು ಕರನಿರಾಕರಣೆಯ ಚಳವಳಿಯಲ್ಲಿ ಹೆಸರಾದ ತಾಲ್ಲೂಕುಗಳು. ಜಮೀನು ಹೋದರೂ ಸರಿ, ತೀರ್ವೆ ಕೊಡುವುದಿಲ್ಲ ಎಂದು ರೈತರು ಹಟ ಹಿಡಿದ ನೆಲ. ಅಂಥ ವಾತಾವರಣದಲ್ಲಿ ಬೆಳೆದ ಹುಡುಗ ಕಾಶಿ ವಿದ್ಯಾಪೀಠದಲ್ಲಿ ಓದಿದರು, ಲಖನೌದಲ್ಲಿ ಕಾನೂನು ಪದವಿ ಪಡೆದರು. ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. 1956ರ ನವೆಂಬರ್ 1ರಂದು ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿತು. ಮರುವರ್ಷವೇ ಹೆಗಡೆಯವರು ವಿಧಾನಸಭೆಗೆ ಆಯ್ಕೆಯಾದರು.

ನಿಜಲಿಂಗಪ್ಪನವರ ಸಂಪುಟದಲ್ಲಿ, ಮುಂದೆ ವೀರೇಂದ್ರ ಪಾಟೀಲರ ಸಂಪುಟದಲ್ಲಿ ಅವರು ಸಚಿವರಾಗಿದ್ದರು. ಅವರಿಗೆ ಹೆಸರು ತಂದದ್ದು ಹಣಕಾಸು ಖಾತೆ. ಒಟ್ಟು 13 ಬಜೆಟ್ ಮಂಡಿಸಿದ ಅವರ ದಾಖಲೆ 2023ರಲ್ಲಿ ಸಿದ್ದರಾಮಯ್ಯನವರು ಮುರಿಯುವ ತನಕ ಹಾಗೇ ಇತ್ತು. ರಾಜ್ಯದ ಹಣ ಎಲ್ಲಿಂದ ಬರುತ್ತದೆ, ಎಲ್ಲಿ ನಿಂತುಬಿಡುತ್ತದೆ, ಹಳ್ಳಿಗೆ ತಲುಪುವ ಹೊತ್ತಿಗೆ ಎಷ್ಟು ಉಳಿಯುತ್ತದೆ ಎಂಬುದನ್ನು ಅವರಷ್ಟು ಹತ್ತಿರದಿಂದ ಕಂಡವರು ಕಡಿಮೆ. ಮುಂದೆ ಅವರು ಮಾಡಿದ ಕೆಲಸದ ಬೇರು ಆ ಲೆಕ್ಕದ ಅನುಭವದಲ್ಲೇ ಇದೆ.

1969ರಲ್ಲಿ ಕಾಂಗ್ರೆಸ್ ಒಡೆದಾಗ ಅವರು ನಿಜಲಿಂಗಪ್ಪನವರ ಜೊತೆ ನಿಂತರು. ಅದರ ಬೆಲೆಯಾಗಿ ವರ್ಷಗಟ್ಟಲೆ ಅಧಿಕಾರದಿಂದ ದೂರವಿದ್ದರು. ತುರ್ತು ಪರಿಸ್ಥಿತಿಯಲ್ಲಿ ಮತ್ತೆ ಸೆರೆಮನೆ. 1977ರಲ್ಲಿ ಜನತಾ ಪಕ್ಷ ಹುಟ್ಟಿದಾಗ ಅದರ ಪ್ರಧಾನ ಕಾರ್ಯದರ್ಶಿಯಾದರು, ಮರುವರ್ಷ ರಾಜ್ಯಸಭೆಗೆ ಹೋದರು. ಅದೇ 1978ರಲ್ಲಿ ಕೇಂದ್ರದ ಜನತಾ ಸರ್ಕಾರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿ ವರದಿ ಕೊಟ್ಟಿತು. ಹಲವು ಹಳ್ಳಿಗಳು ಸೇರಿದ ಮಂಡಲ ಪಂಚಾಯತ, ಅದರ ಮೇಲೆ ಬಲವಾದ ಜಿಲ್ಲಾ ಪರಿಷತ್ತು ಇರಬೇಕು ಎಂಬುದು ಅದರ ಶಿಫಾರಸು. ದೆಹಲಿಯ ಆ ಸರ್ಕಾರ ಬಿದ್ದಿತು. ವರದಿಯನ್ನು ಹೆಗಡೆಯವರು ಮರೆಯಲಿಲ್ಲ.

1983ರ ಚುನಾವಣೆಯಲ್ಲಿ ಕರ್ನಾಟಕ ಮೊದಲ ಸಲ ಕಾಂಗ್ರೆಸ್ಸನ್ನು ಕೆಳಗಿಳಿಸಿತು. ಜನವರಿ 10ರಂದು ಹೆಗಡೆಯವರು ಪ್ರಮಾಣವಚನ ತೆಗೆದುಕೊಂಡಾಗ ಅವರು ಶಾಸಕರಾಗಿರಲಿಲ್ಲ. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದರು. ಜನತಾ ಪಕ್ಷಕ್ಕೆ ಸ್ವಂತ ಬಹುಮತವಿರಲಿಲ್ಲ. ಒಂದು ಕಡೆ ಬಿಜೆಪಿ, ಇನ್ನೊಂದು ಕಡೆ ಎಡಪಕ್ಷಗಳು ಹೊರಗಿನಿಂದ ಬೆಂಬಲ ಕೊಟ್ಟಿದ್ದವು. ಅಷ್ಟು ಅಳ್ಳಕವಾದ ನೆಲದ ಮೇಲೆ ನಿಂತುಕೊಂಡೇ ಸರ್ಕಾರ ಅದೇ ವರ್ಷ ಜಿಲ್ಲಾ ಪರಿಷತ್ತು, ತಾಲ್ಲೂಕು ಪಂಚಾಯತ ಸಮಿತಿ, ಮಂಡಲ ಪಂಚಾಯತ ಮತ್ತು ನ್ಯಾಯ ಪಂಚಾಯತಗಳ ಮಸೂದೆಯನ್ನು ತಂದಿತು. 1984ರಲ್ಲಿ ಲೋಕಾಯುಕ್ತ ಕಾಯ್ದೆ ಬಂತು.

1984ರ ಕೊನೆಯ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು 4 ಮಾತ್ರ. ವಿಧಾನಸಭೆಯಲ್ಲಿ ಸರ್ಕಾರ ಸೋತಿರಲಿಲ್ಲ. ಆದರೂ ಜನ ತಮ್ಮ ಮೇಲಿನ ನಂಬಿಕೆ ಕಳೆದುಕೊಂಡಿದ್ದಾರೆ ಎಂದು ಹೆಗಡೆಯವರು ರಾಜೀನಾಮೆ ಕೊಟ್ಟು ಹೊಸ ಚುನಾವಣೆಗೆ ಹೋದರು. 1985ರ ಮಾರ್ಚ್‌ನಲ್ಲಿ ಜನ 224ರಲ್ಲಿ 139 ಸ್ಥಾನ ಕೊಟ್ಟು ಅವರನ್ನೇ ವಾಪಸು ಕರೆಸಿಕೊಂಡರು. ಪಂಚಾಯತ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದದ್ದೂ ಆ ವರ್ಷವೇ.

ಆ ಕಾಯ್ದೆ ನಮ್ಮ ಕಡೆ ಏನು ಬದಲಿಸಿತು? ಅದಕ್ಕೆ ಮೊದಲು ಇದ್ದದ್ದು 1959ರ ಕಾಯ್ದೆ. ಗ್ರಾಮ ಪಂಚಾಯತಕ್ಕೆ ಮನೆಪಟ್ಟಿ ವಸೂಲಿ, ದೀಪ, ಚರಂಡಿ ಇಷ್ಟೇ ಕೆಲಸ. ಜಿಲ್ಲೆಯ ಅಭಿವೃದ್ಧಿ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಮಳೆಗಾಲದಲ್ಲಿ ಶಾಲೆಯ ಹಂಚು ಹಾರಿಹೋದರೆ ಅರ್ಜಿ ಭಟ್ಕಳ ದಾಟಿ ಕಾರವಾರಕ್ಕೆ ಹೋಗಬೇಕು. ಕಾರವಾರಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಬಿಟ್ಟಂತೆ. ಹೋದರೂ ಸಾಹೇಬರು ಸಿಗುತ್ತಾರೆಂಬ ಖಾತ್ರಿಯಿಲ್ಲ.

ಹೊಸ ಕಾಯ್ದೆಯಲ್ಲಿ ಸಾಮಾನ್ಯವಾಗಿ 8,000ದಿಂದ 12,000 ಜನಸಂಖ್ಯೆಗೆ ಒಂದು ಮಂಡಲ. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಪಶು ಆಸ್ಪತ್ರೆ, ಹಳ್ಳಿ ರಸ್ತೆ, ಕುಡಿಯುವ ನೀರು ಎಲ್ಲ ಜಿಲ್ಲಾ ಪರಿಷತ್ತಿನ ಕೈಗೆ ಬಂದವು. ಕೆಲಸದ ಜೊತೆಗೆ ನೌಕರರೂ ಬಂದರು, ಹಣವೂ ಬಂತು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ. ಇಡೀ ಜಿಲ್ಲೆ ಕಲೆಕ್ಟರರ ಮುಖ ನೋಡುತ್ತಿದ್ದ ಕಾಲದಿಂದ ಬಂದ ನಮಗೆ ಆರಿಸಿ ಬಂದವರ ಮುಂದೆ ಅಧಿಕಾರಿಗಳು ಕಡತ ಹಿಡಿದು ನಿಂತದ್ದನ್ನು ನೋಡುವುದೇ ಹೊಸತಾಗಿತ್ತು. ಶಾಲೆಗೆ ಮಾಸ್ತರರು ಬರಲಿಲ್ಲವೆಂದರೆ ಕೇಳುವವರು ಅದೇ ಊರಿನಲ್ಲಿದ್ದರು.

ಕಾಯ್ದೆ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಮೀಸಲಿಟ್ಟಿತ್ತು. ನಾನು ನಡಾವಳಿ ಬರೆಯುತ್ತಿದ್ದ ಮಂಡಲದ ಸದಸ್ಯೆಯೊಬ್ಬರು ತೆಂಗಿನಗುಂಡಿ ಬಂದರಿನಿಂದ ಮೀನು ಹೊತ್ತು ಮಾರುವವರು. ಸಭೆಯ ದಿನ ಬುಟ್ಟಿ ಜಗಲಿಯಲ್ಲಿ ಇಳಿಸಿ ಒಳಗೆ ಬರುತ್ತಿದ್ದರು. ಮೊದಮೊದಲು ಬಾಗಿಲ ಹತ್ತಿರವೇ ಕೂರುತ್ತಿದ್ದರು. ಒಂದು ಸಭೆಯಲ್ಲಿ ಠರಾವಿನ ಪುಸ್ತಕ ಮುಂದಿಟ್ಟಾಗ ಅವರು ಕೈ ಹಿಂದೆ ತೆಗೆದುಕೊಂಡರು.

‘ತಮ್ಮಾ, ನೀ ಬರ್ದದ್ದು ಒಮ್ಮೆ ಓದಿ ಹೇಳು. ಕಡೀಗೆ ಹೆಬ್ಬೆಟ್ಟು ಒತ್ತೂದು ನಾನಲ್ಲ?’

ನಾನು ಓದಿದೆ. ಚೈತ್ರ ಬಂದರೆ ತಮ್ಮ ಕೇರಿಯ ಬಾವಿ ಉಪ್ಪಾಗುತ್ತದೆ ಎಂದು ಅವರು ಹೇಳಿದ ಮಾತು ಅದರಲ್ಲಿರಲಿಲ್ಲ. ಸಭೆಯಲ್ಲಿ ಯಾರೂ ಅದನ್ನು ಚರ್ಚೆಗೆ ಎತ್ತಿಕೊಂಡಿರಲಿಲ್ಲ. ಅವರು ಎದ್ದು ನಿಂತು ಮತ್ತೊಮ್ಮೆ ಹೇಳಿದರು, ಈ ಸಲ ಅಧ್ಯಕ್ಷರ ಮುಖ ನೋಡಿಯೇ ಹೇಳಿದರು. ಚರ್ಚೆಯಾಯಿತು, ಠರಾವಾಯಿತು, ಕ್ರಿಯಾಯೋಜನೆಗೆ ಸೇರಿತು. ಅಂದಿನಿಂದ ಪ್ರತಿ ಸಭೆಯ ಕೊನೆಗೆ ನಡಾವಳಿಯನ್ನು ಗಟ್ಟಿಯಾಗಿ ಓದುವುದು ಅಲ್ಲಿ ಪದ್ಧತಿಯಾಯಿತು.

ಈ ವ್ಯವಸ್ಥೆಗೆ ಜೀವ ತುಂಬಿದವರು ಹೆಗಡೆಯವರ ಸಂಪುಟದ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬರು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿದ್ದಕ್ಕೆ ಜನ ಅವರನ್ನು ‘ನೀರ್ ಸಾಬ್’ ಎಂದೇ ಕರೆದರು. ಗುಂಡ್ಲುಪೇಟೆಯ ಆ ಸರಳ ಮನುಷ್ಯ 1988ರಲ್ಲಿ ತೀರಿಕೊಂಡರು. ಇಂಥವರನ್ನು ಗುರುತಿಸಿ, ಕೆಲಸ ಒಪ್ಪಿಸಿ, ಅಡ್ಡಬಾರದೆ ನಿಂತದ್ದೂ ಹೆಗಡೆಯವರ ದೊಡ್ಡತನ. ಅಧಿಕಾರ ಕಳೆದುಕೊಳ್ಳುತ್ತೇವೆಂದು ಅವರದೇ ಪಕ್ಷದ ಶಾಸಕರು ಗೊಣಗುತ್ತಿದ್ದ ಕಾಲವದು.

ಅವರ ಹಾದಿಯಲ್ಲಿ ಕಪ್ಪು ಚುಕ್ಕೆಗಳಿಲ್ಲವೆಂದು ನಾನು ಹೇಳುವುದಿಲ್ಲ. ಸಾರಾಯಿ ಬಾಟ್ಲಿಂಗ್ ಗುತ್ತಿಗೆಯ ವಿಷಯದಲ್ಲಿ ಹೈಕೋರ್ಟ್ ಸರ್ಕಾರವನ್ನು ಟೀಕಿಸಿದಾಗ 1986ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಟ್ಟು, ಮೂರು ದಿನಗಳಲ್ಲಿ ಹಿಂತೆಗೆದುಕೊಂಡರು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪ ಬಂದಾಗ ಹುದ್ದೆ ಬಿಟ್ಟರು, ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಮೌಲ್ಯಾಧಾರಿತ ರಾಜಕಾರಣದ ಮಾತನ್ನು ಆಡಿದವರಿಗೆ ಜನ ಆ ಮಾತಿನಿಂದಲೇ ಅಳತೆ ಹಾಕುತ್ತಾರೆ. ಅದು ನ್ಯಾಯವೇ.

ಮುಂದಿನದು ದೆಹಲಿಯ ಅಧ್ಯಾಯ. ವಿ.ಪಿ. ಸಿಂಗ್ ಸರ್ಕಾರದಲ್ಲಿ ಅವರು ಯೋಜನಾ ಆಯೋಗದ ಉಪಾಧ್ಯಕ್ಷರು. ಅದೇ ಹೊತ್ತಿಗೆ ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರು, ಮಧು ದಂಡವತೆ ಹಣಕಾಸು ಸಚಿವರು. ಕರಾವಳಿಯ ಕಷ್ಟ ಬಲ್ಲ ಈ ಮೂವರು ಒಟ್ಟುಗೂಡಿದ್ದ ಆ ಸರ್ಕಾರದ ಕಾಲದಲ್ಲೇ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರಲ್ಲಿ ಕರ್ನಾಟಕದ ಪಾಲು ಶೇ 15. 1998ರಲ್ಲಿ ಇಡೀ ಮಾರ್ಗ ತೆರೆದಾಗ ಭಟ್ಕಳದ ಹುಡುಗರು ಮನೆಯ ಹತ್ತಿರವೇ ಮುಂಬಯಿ ರೈಲು ಹತ್ತುವಂತಾಯಿತು.

1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ನಿಂತು ಸೋತರು. 1996ರಲ್ಲಿ ತಾವೇ ಕಟ್ಟಿದ ಜನತಾ ದಳ ಅವರನ್ನು ಉಚ್ಚಾಟಿಸಿತು. ಲೋಕಶಕ್ತಿ ಪಕ್ಷ ಕಟ್ಟಿ, ಬಿಜೆಪಿ ಜೊತೆ ಸೇರಿ, 1998ರಲ್ಲಿ ಕೇಂದ್ರದ ವಾಣಿಜ್ಯ ಸಚಿವರಾದರು. ನಮ್ಮ ಕಡಲಿನ ಸೀಗಡಿಯ ರಫ್ತು ನೋಡಿಕೊಳ್ಳುವ ಪ್ರಾಧಿಕಾರವೂ, ಅವರ ಸಿದ್ದಾಪುರದ ಕಾಳುಮೆಣಸಿನ ಹೊಣೆ ಹೊತ್ತ ಸಾಂಬಾರ ಮಂಡಳಿಯೂ ಅದೇ ಸಚಿವಾಲಯದ ಕೆಳಗಿನವು. 1999ರ ತನಕ ಆ ಹುದ್ದೆಯಲ್ಲಿದ್ದರು. 2004ರ ಜನವರಿ 12ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಮಂಡಲ ಪಂಚಾಯತಗಳ ಆಯುಷ್ಯ ದೊಡ್ಡದಾಗಲಿಲ್ಲ. ಮೊದಲ ಅವಧಿ ಮುಗಿದ ಮೇಲೆ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಲಾಯಿತು. ಆದರೆ ಕರ್ನಾಟಕದ ಪ್ರಯೋಗ ದೇಶದ ಕಣ್ಣಿಗೆ ಬಿದ್ದಿತ್ತು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಮೂರು ಹಂತದ ಪಂಚಾಯತ, ಐದು ವರ್ಷಕ್ಕೊಮ್ಮೆ ಚುನಾವಣೆ, ಮಹಿಳೆಯರಿಗೆ ಮೂರರಲ್ಲೊಂದು ಸ್ಥಾನ ಸಂವಿಧಾನದ ಮಾತಾಯಿತು. ನಮ್ಮ ರಾಜ್ಯ ಮುಂದೆ ಮಹಿಳೆಯರ ಪಾಲನ್ನು ಶೇ 50ಕ್ಕೆ ಏರಿಸಿತು.

ಇಷ್ಟೆಲ್ಲ ಆದ ಮೇಲೂ ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಲ್ಲಿ ಅಧಿಕಾರಿಗಳದೇ ಆಡಳಿತ. ಕ್ಷೇತ್ರ ವಿಂಗಡಣೆ, ಮೀಸಲಾತಿ, ಕೋರ್ಟು ಎಂದು ಕಾರಣಗಳು ಬದಲಾದವು, ಸರ್ಕಾರಗಳು ಬದಲಾದವು, ಚುನಾವಣೆ ಮಾತ್ರ ಮುಂದೆ ಹೋಯಿತು. ಹೆಬಳೆಯ ಒಂದು ಕಾಲುಸಂಕದ ಕಡತ ಮತ್ತೆ ಕಾರವಾರದ ಅಧಿಕಾರಿಯ ಮೇಜನ್ನು ಕಾಯುವಂತಾದರೆ ನಾವು 1987ರ ಹಿಂದಕ್ಕೆ ನಡೆದೆವೆಂದೇ ಅರ್ಥ.

2026 ಹೆಗಡೆಯವರ ಜನ್ಮಶತಮಾನದ ವರ್ಷ. ಪ್ರತಿಮೆಗೆ ಹಾರ ಹಾಕುವವರು, ಭಾಷಣ ಮಾಡುವವರು ಎಲ್ಲ ಪಕ್ಷಗಳಲ್ಲೂ ಇದ್ದಾರೆ. ಅವರನ್ನು ನಾನು ಕೇಳುವುದು ಒಂದೇ: ಜಿಲ್ಲಾ, ತಾಲ್ಲೂಕು ಪಂಚಾಯತಗಳಿಗೆ ಚುನಾವಣೆ ನಡೆಸಿ, ತಪ್ಪದೆ, ಐದು ವರ್ಷಕ್ಕೊಮ್ಮೆ ನಡೆಸಿ. ನನ್ನ ಊರವರಿಗೂ ಒಂದು ಮಾತಿದೆ. ಗ್ರಾಮಸಭೆಯ ಡಂಗುರ ಕೇಳಿದಾಗ ಮನೆಯಲ್ಲಿ ಕೂರಬೇಡಿ. ಹೋಗಿ, ಕೇಳಿ, ನಡಾವಳಿಯನ್ನು ಓದಿಸಿ, ಒಪ್ಪಿಗೆಯಾದರೆ ಮಾತ್ರ ಸಹಿ ಹಾಕಿ. ನಮ್ಮ ಜಿಲ್ಲೆಯ ಮಗನೊಬ್ಬ ಆ ಹಕ್ಕನ್ನು ನಮಗೆ ಕೊಡಿಸಲು ತನ್ನ ಅಧಿಕಾರವನ್ನೇ ಹಂಚಿಕೊಟ್ಟಿದ್ದಾನೆ. ಉಳಿಸಿಕೊಳ್ಳುವ ಕೆಲಸ ನಮ್ಮದು.